ಹಳೇ ಸ್ಪೋರ್ಟ್ಸ್ ಕಾರಿನ ಕಾಯಿಲೆ

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಸರಿಯಾಗಿ ಎಳೆಯದಿದ್ದರೆ ದೋಷವನ್ನು ಹೇಗೆ ಪತ್ತೆಹಚ್ಚುತ್ತಾರೆ?

1962ರಲ್ಲಿ ಬಂದ ಬ್ರಿಟನ್ನಿನ ಎಂಜಿಬಿ ಕಾರನ್ನೇ ನೋಡಿ. 1,798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್; ಕಂಪ್ಯೂಟರಿನ ಸುಳಿವೇ ಇಲ್ಲ. ಸಾಕ್ಷಿ ಹೇಳಬೇಕಾದದ್ದು ಸ್ಪಾರ್ಕ್ ಪ್ಲಗ್. ಒಲೆಯ ಉರಿಗೆ ಗಾಳಿ ಸಾಲದಿದ್ದರೆ ಪಾತ್ರೆಯ ತಳಕ್ಕೆ ಮಸಿ ಹಿಡಿಯುವಂತೆ, ಪೆಟ್ರೋಲ್ ಹೆಚ್ಚಾದರೆ ಪ್ಲಗ್ಗಿನ ತುದಿ ಕಪ್ಪಾಗುತ್ತದೆ, ಕಡಿಮೆಯಾದರೆ ಬಿಳಿಚಿಕೊಳ್ಳುತ್ತದೆ. ತಿಳಿಗಂದು ಇದ್ದರೆ ಗಾಳಿ-ಪೆಟ್ರೋಲ್ ಮಿಶ್ರಣ ಸರಿಯಿದೆ.

ಹಾಗೆಂದು ಈ ಮಿಶ್ರಣ ಮಾಡುವ ಕಾರ್ಬುರೇಟರಿಗೆ ನೇರ ಕೈಹಾಕುವುದು ಅವಸರ. ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯಬೇಕು. ಒಂದು ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಿದ್ದರೆ ಅದಕ್ಕೆ ತುಸು ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಆಮೇಲೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್, ಟೈಮಿಂಗ್ ನೋಡುತ್ತಾರೆ.

ಕಾರ್ಬುರೇಟರಿನ ಸರದಿ ಕೊನೆಗೆ. ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಮುಗ್ಗರಿಸಿದರೆ, ಕಾರ್ಬುರೇಟರಿನ ಪಿಸ್ಟನ್ ಥಟ್ಟನೆ ಏರದಂತೆ ತಡೆಯುವ ಡ್ಯಾಶ್‌ಪಾಟಿನ ಆಯಿಲ್ ಖಾಲಿಯಾಗಿರಬಹುದು. ಅದರ ಮೇಲಿನ ಪುಟ್ಟ ಮುಚ್ಚಳ ತಿರುಗಿಸಿ ತೆಗೆದರೆ ಗೊತ್ತಾಗುತ್ತದೆ.