ಆರದ ಕೆಂಪು ದೀಪ

ಮನುಷ್ಯನ ದೇಹದ ಉಷ್ಣತೆಯು ಒಂದು ಮಿತಿಯೊಳಗೆ ಇರುವವರೆಗೆ ಆರೋಗ್ಯವಿರುತ್ತದೆ. ಮಿತಿ ಮೀರಿದರೆ ಅದನ್ನು ಜ್ವರವೆಂದು ಕರೆಯುತ್ತೇವೆ. ಮೋಟಾರು ಕಾರಿನ ಎಂಜಿನ್ನಿಗೂ ಇದೇ ನಿಯಮವು ಸಲ್ಲುತ್ತದೆ. ಜ್ವರದ ಮುನ್ಸೂಚನೆಯನ್ನು ಕೊಡುವುದಕ್ಕಾಗಿ ಈಚಿನ ಬಹಳಷ್ಟು ಕಾರುಗಳಲ್ಲಿ ಚಾಲಕನ ಕಣ್ಣೆದುರಿಗೆ ಒಂದು ಚಿಕ್ಕ ದೀಪವನ್ನಿಟ್ಟಿರುತ್ತಾರೆ. ಯಮುನೆಯ ಪೂರ್ವದಡದ ನಮ್ಮ ಮಯೂರ್ ವಿಹಾರ್‌ನ ವಸತಿ ಸಮುಚ್ಚಯಗಳ ಅಂಗಳಗಳಲ್ಲಿ ಹತ್ತು ಹನ್ನೆರಡು ವರ್ಷ ಸೇವೆ ಸಲ್ಲಿಸಿದ ಕಾರುಗಳು ಸಾಲಾಗಿ ನಿಂತಿರುವುದನ್ನು ನೀವು ನೋಡಿದ್ದೀರಷ್ಟೆ. ಇಂತಹ ಹಳೆಯ ಕಾರುಗಳಲ್ಲಿ ಈ ದೀಪವು ಒಮ್ಮೊಮ್ಮೆ ಹತ್ತಿದ್ದು ಆರುವುದೇ ಇಲ್ಲ. ಯಜಮಾನನು ನೀರು ಸುರಿಯುತ್ತಾನೆ, ದೀಪವು ಆರುತ್ತದೆ, ಎರಡು ದಿನಗಳಲ್ಲಿ ಮತ್ತೆ ಹತ್ತುತ್ತದೆ. ಇದು ನಿಜವಾದ ಅಪಾಯವೋ ಅಥವಾ ಸುಳ್ಳು ಕೂಗೋ? ತಿಳಿಯುವ ಬಗೆ ಹೇಗೆ? ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಎಂಜಿನ್ನನ್ನು ತಂಪುಗೊಳಿಸಬೇಕಾದ ಕಾರಣವನ್ನು ತಿಳಿಯೋಣ. ಉರುಳೆಯೊಳಗೆ ಪೆಟ್ರೋಲು ಉರಿಯುವಾಗ ಅಲ್ಲಿಯ ಅನಿಲದ ಉಷ್ಣತೆಯು ೨೦೦೦ ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಎಂಜಿನ್ನಿನ ತಲೆಭಾಗವನ್ನು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡುತ್ತಾರೆ. ಶುದ್ಧ ಅಲ್ಯೂಮಿನಿಯಂ ೬೬೦ ಡಿಗ್ರಿಯಲ್ಲೇ ಕರಗುವುದು. ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ಚಲನೆಯಾಗಿ ದೊರೆಯುತ್ತದೆ. ಉಳಿದುದರಲ್ಲಿ ಹೆಚ್ಚಿನದು ಹೊಗೆಯ ಕೊಳವೆಯ ಮೂಲಕವೂ, ತಂಪುಗೊಳಿಸುವ ದ್ರವದ ಮೂಲಕವೂ ಶಾಖವಾಗಿ ಹೊರಬೀಳುವುದು. ಈ ದ್ರವವನ್ನೇ ಶೀತಕ ಅಥವಾ ಕೂಲೆಂಟ್ ಎನ್ನುತ್ತಾರೆ.

ಶೀತಕದ ಸಂಚಾರವು ನಮ್ಮ ರಕ್ತಸಂಚಾರವನ್ನು ಹೋಲುತ್ತದೆ. ಪಂಪು ಇದರ ಹೃದಯ. ಪಂಪು ತಳ್ಳಿದ ದ್ರವವು ಉರುಳೆಗಳ ಸುತ್ತಲಿನ ಕಾಲುವೆಗಳಲ್ಲಿ ಹರಿದು ಶಾಖವನ್ನು ಹೀರಿಕೊಂಡು, ಮುಂಭಾಗದ ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಬಂದು, ಅಲ್ಲಿ ಗಾಳಿಗೆ ಶಾಖವನ್ನು ಒಪ್ಪಿಸಿ ಮರಳುತ್ತದೆ. ದಾರಿಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಬಾಗಿಲೊಂದಿದೆ. ಎಂಜಿನ್ ಬೆಚ್ಚಗಾಗುವವರೆಗೆ ಅದು ಮುಚ್ಚಿಕೊಂಡಿದ್ದು, ಅನಂತರ ತೆರೆಯುತ್ತದೆ. ಕಾದ ದ್ರವವು ಹಿಗ್ಗಿದಾಗ ಅದಕ್ಕೆ ಸ್ಥಳ ಕೊಡಲು ಅರೆಪಾರದರ್ಶಕವಾದ ಒಂದು ತೊಟ್ಟಿಯುಂಟು. ಹಲವು ಕಾರುಗಳಲ್ಲಿ ಮಟ್ಟವನ್ನು ಅಳೆಯುವ ಸಂವೇದಕವಿರುವುದು ಈ ತೊಟ್ಟಿಯಲ್ಲಿಯೇ.

ಈ ವ್ಯವಸ್ಥೆಯ ಮುಚ್ಚಳದ ಮಹತ್ತ್ವವನ್ನು ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನಿಂದ ಅರಿಯಬಹುದು. ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿಯಲ್ಲಿ ಕುದಿಯುವುದು. ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿಗೇ ಕುದಿಯುವುದು. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಮೇಲೇರುತ್ತದೆ. ಒಂದು ವಾಯುಮಂಡಲದಷ್ಟು ಹೆಚ್ಚಿನ ಒತ್ತಡವಿದ್ದಲ್ಲಿ ನೀರು ಕುದಿಯಲು ಸುಮಾರು ೧೨೦ ಡಿಗ್ರಿ ಬೇಕು. ಆದುದರಿಂದ ಮುಚ್ಚಳದ ಸ್ಪ್ರಿಂಗು ಸಡಿಲವಾದರೆ ದ್ರವವು ಬೇಗನೆ ಕುದಿದು ಆವಿಯಾಗಿ ಕಳೆದುಹೋಗುತ್ತದೆ. ಬರಿಯ ನೀರಿನ ಬದಲು ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುವುದಕ್ಕೂ ಕಾರಣಗಳಿವೆ. ಸಮಭಾಗದ ಮಿಶ್ರಣವು ಶೂನ್ಯಕ್ಕಿಂತ ೩೫ ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ದೆಹಲಿಯವರಿಗೆ ಈ ಗುಣವು ಅಷ್ಟಾಗಿ ಬೇಕಿಲ್ಲವಾದರೂ, ಅದರೊಡನೆ ಬೆರೆಸಿರುವ ತುಕ್ಕುನಿರೋಧಕ ವಸ್ತುಗಳು ಎಲ್ಲರಿಗೂ ಬೇಕು. ಕೊಳವೆ ಬಾವಿಯ ಗಡಸು ನೀರನ್ನೇ ಸುರಿಯುತ್ತ ಬಂದರೆ, ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿಯ ಸುಣ್ಣದ ಪದರವು ಇಲ್ಲಿಯೂ ಕಟ್ಟುವುದು.

ಇನ್ನು ಸಂವೇದಕದ ವಿಷಯ. ಮೊದಲ ಕಾಲದ ಕಾರುಗಳಲ್ಲಿ ಇಂತಹ ಸೂಚನೆಗಳೇ ಇರಲಿಲ್ಲ. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಬಹುತೇಕ ಕಾರುಗಳಲ್ಲಿ ನೀರಿನ ಪಂಪು ಸಹ ಇರಲಿಲ್ಲ; ಬಿಸಿನೀರು ತಾನಾಗಿ ಮೇಲೇರುವ ಗುಣದಿಂದಲೇ ಸಂಚಾರ ನಡೆಯುತ್ತಿತ್ತು. ೧೯೮೩ರಲ್ಲಿ ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದ ಮಾರುತಿ ೮೦೦ ಕಾರಿನಲ್ಲಿ ಉಷ್ಣತೆಯನ್ನು ತೋರಿಸುವ ಮುಳ್ಳನ್ನು ನೋಡಿಕೊಂಡೇ ಜನರು ವರ್ಷಗಟ್ಟಲೆ ಓಡಾಡಿದರು. ಮಟ್ಟದ ಸಂವೇದಕಗಳಲ್ಲಿ ಮುಖ್ಯವಾಗಿ ಎರಡು ವಿಧ. ಒಂದರಲ್ಲಿ ಅಯಸ್ಕಾಂತವನ್ನು ಹೊತ್ತ ತೇಲುಗುಂಡು ದ್ರವದ ಮೇಲೆ ತೇಲುತ್ತದೆ; ಅದು ಏರಿಳಿದಂತೆ ಗಾಜಿನ ಕೊಳವೆಯೊಳಗಿನ ಎರಡು ತೆಳುವಾದ ಲೋಹದ ಪಟ್ಟಿಗಳು ಕೂಡುತ್ತವೆ ಅಥವಾ ಅಗಲುತ್ತವೆ. ಇನ್ನೊಂದರಲ್ಲಿ ಎರಡು ಲೋಹದ ಕಡ್ಡಿಗಳು ದ್ರವದಲ್ಲಿ ಮುಳುಗಿರುತ್ತವೆ. ದ್ರವದ ಮೂಲಕ ಅಲ್ಪ ವಿದ್ಯುತ್ತು ಹರಿಯುವವರೆಗೆ ದೀಪ ಹತ್ತದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎಚ್ಚರಿಕೆಯು ಬಂದಾಗಲೆಲ್ಲ ಎರಡು ಸಾಧ್ಯತೆಗಳಿವೆ: ದ್ರವವು ನಿಜವಾಗಿಯೂ ಕಡಿಮೆಯಾಗಿರಬಹುದು, ಇಲ್ಲವೇ ಅಳೆಯುವ ಸಾಧನವೇ ಕೆಟ್ಟಿರಬಹುದು. ಇದಕ್ಕೆ ನಮ್ಮ ನಗರವೇ ಒಂದು ಉತ್ತಮ ದೃಷ್ಟಾಂತವನ್ನು ಒದಗಿಸಿದೆ. ೨೦೨೪ರ ಮೇ ೨೯ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಹವಾಮಾನ ಕೇಂದ್ರವು ೫೨.೯ ಡಿಗ್ರಿ ಉಷ್ಣತೆಯನ್ನು ತೋರಿಸಿತು. ಅದೇ ದಿನ ಸಫ್ದರ್‌ಜಂಗ್‌ನಲ್ಲಿ ದಾಖಲಾದುದು ೪೬.೮ ಡಿಗ್ರಿ. ಹವಾಮಾನ ಇಲಾಖೆಯವರು ಮುಂಗೇಶ್‌ಪುರದ ಅಂಕಿಯನ್ನು ಕಣ್ಣುಮುಚ್ಚಿ ನಂಬಲೂ ಇಲ್ಲ, ಸುಳ್ಳೆಂದು ತಳ್ಳಿಬಿಡಲೂ ಇಲ್ಲ. ಪ್ರಮಾಣಿತ ಉಪಕರಣದೊಡನೆ ಹೋಲಿಸಿ ನೋಡಿ, ಆ ಸಂವೇದಕವು ಸುಮಾರು ೩ ಡಿಗ್ರಿಯಷ್ಟು ಹೆಚ್ಚು ತೋರಿಸುತ್ತಿತ್ತೆಂದು ಪ್ರಕಟಿಸಿದರು. ಆದರೂ ಅಂದಿನ ಬೇಗೆ ಸುಳ್ಳಾಗಿರಲಿಲ್ಲ! ಕಾರಿನ ದೀಪದ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸಬೇಕು. ಒಂದು ಸಾಧನದ ಮಾತನ್ನು ಇನ್ನೊಂದು ಸ್ವತಂತ್ರ ಸಾಕ್ಷ್ಯದಿಂದ ಪರೀಕ್ಷಿಸಬೇಕು.

ಇಲ್ಲಿ ಆ ಸಾಕ್ಷ್ಯವೆಂದರೆ ನಮ್ಮ ಕಣ್ಣು. ಕಾರು ಸಮನೆಲದಲ್ಲಿ ನಿಂತು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮುಂಜಾನೆಯಾದರೆ ಉತ್ತಮ, ತೊಟ್ಟಿಯ ಹೊರಮೈಮೇಲಿನ ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ದ್ರವವಿದೆಯೇ ಎಂದು ನೋಡಬೇಕು. ಬಿಸಿಯಿರುವಾಗ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಒತ್ತಡವು ತಟ್ಟನೆ ಇಳಿದೊಡನೆ ದ್ರವವು ಕುದಿದು ಚಿಮ್ಮಿ ಮುಖ ಕೈಗಳನ್ನು ಸುಟ್ಟುಬಿಡುತ್ತದೆ.

ದ್ರವವು ಕಡಿಮೆಯಿದ್ದರೆ ತಯಾರಕರು ಹೇಳಿದ ಶೀತಕವನ್ನು ತುಂಬಿ, ದಿನವೂ ಮಟ್ಟವನ್ನು ಒಂದು ಕಾಗದದ ಮೇಲೆ ಬರೆದಿಡಬೇಕು. ಮತ್ತೆ ಇಳಿಯಿತೆಂದರೆ ಸೋರಿಕೆಯಿರುವುದು ನಿಶ್ಚಯ. ಏಕೆಂದರೆ ಇದು ಮುಚ್ಚಿದ ವ್ಯವಸ್ಥೆ, ದ್ರವವು ತಾನಾಗಿ ಮಾಯವಾಗದು. ರಬ್ಬರಿನ ಕೊಳವೆಗಳ ತುದಿ, ರೇಡಿಯೇಟರಿನ ಅಂಚು, ಪಂಪಿನ ಕೆಳಭಾಗ, ತೊಟ್ಟಿಯ ಬಿರುಕು ಇವುಗಳಲ್ಲಿ ಬಣ್ಣದ ಕಲೆಯನ್ನು ಹುಡುಕಬೇಕು. ಕಾರಿನೊಳಗಿನ ನೆಲಹಾಸು ಒದ್ದೆಯಾಗಿ ಸಿಹಿಯಾದ ವಾಸನೆ ಬಂದರೆ ಒಳಗಿನ ಹೀಟರಿನಲ್ಲಿ ಸೋರಿಕೆ. ಹೊರಗೆಲ್ಲೂ ಹನಿ ಕಾಣದೆ, ಎಂಜಿನ್ ಬಿಸಿಯಾದ ಮೇಲೂ ಹಿಂದಿನಿಂದ ದಟ್ಟವಾದ ಬಿಳಿಯ ಆವಿ ಬರುತ್ತಿದ್ದರೆ, ಅಥವಾ ಎಣ್ಣೆಯು ಹಾಲು ಬೆರೆತಂತೆ ಕಂಡರೆ, ಉರುಳೆಯ ತಲೆಯ ಕೆಳಗಿನ ಗ್ಯಾಸ್ಕೆಟ್ ಹೋಗಿರುವ ಸಂಭವವುಂಟು. ಇಂತಹ ಕಾರನ್ನು ಓಡಿಸದೆ ತಜ್ಞರಿಗೆ ಒಪ್ಪಿಸಬೇಕು. ಅವರು ಕೈಪಂಪಿನಿಂದ ಒತ್ತಡ ಕೊಟ್ಟು ಸೋರುವ ಸ್ಥಳವನ್ನು ಕಂಡುಹಿಡಿಯುತ್ತಾರೆ.

ದ್ರವವು ಸರಿಯಾದ ಮಟ್ಟದಲ್ಲಿದ್ದೂ ದೀಪವು ಆರದಿದ್ದರೆ ಸಂಶಯವು ಸಾಧನದ ಕಡೆಗೆ ತಿರುಗುತ್ತದೆ. ಕೊಳೆಯಿಂದ ತೇಲುಗುಂಡು ಅಂಟಿಕೊಂಡಿರಬಹುದು. ಕಡ್ಡಿಗಳ ಮೇಲೆ ಪದರ ಕಟ್ಟಿರಬಹುದು. ಕಡ್ಡಿಯ ವಿಧದಲ್ಲಿ ಬರಿಯ ಶುದ್ಧೀಕರಿಸಿದ ನೀರನ್ನು ತುಂಬಿದ್ದರೂ ದೀಪ ಹತ್ತಬಹುದು, ಏಕೆಂದರೆ ಶುದ್ಧ ಜಲವು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡದು. ಅನೇಕ ಬಾರಿ ತೊಟ್ಟಿಯನ್ನು ತೊಳೆದು ಹೊಸ ಶೀತಕವನ್ನು ತುಂಬಿದರೆ ದೀಪ ಆರುತ್ತದೆ. ಆರದಿದ್ದರೆ ತಂತಿಯ ಜೋಡಣೆಯನ್ನು ಬಿಚ್ಚಿ ನೋಡಬೇಕು. ಕೆಲವು ಕಾರುಗಳಲ್ಲಿ ಮಟ್ಟ ಇಳಿದಾಗ ವಿದ್ಯುನ್ಮಂಡಲವು ಕೂಡುತ್ತದೆ. ಅಂತಹ ಕಾರಿನಲ್ಲಿ ಜೋಡಣೆಯನ್ನು ಬಿಚ್ಚಿದೊಡನೆ ದೀಪ ಆರಿದರೆ ದೋಷವು ಸಂವೇದಕದಲ್ಲಿದೆ. ಆರದಿದ್ದರೆ ತಂತಿಯಲ್ಲಿ ಅಥವಾ ಫಲಕದಲ್ಲಿದೆ. ಮತ್ತೆ ಕೆಲವುಗಳಲ್ಲಿ ಇದಕ್ಕೆ ವಿರುದ್ಧವಾದ ಏರ್ಪಾಡಿರುವುದರಿಂದ ತಯಾರಕರ ಕೈಪಿಡಿಯನ್ನು ಓದದೆ ಪರೀಕ್ಷೆಗೆ ತೊಡಗಬಾರದು.

ಕೆಲವರು ಬೇಸತ್ತು ದೀಪದ ತಂತಿಯನ್ನೇ ಕತ್ತರಿಸುವುದುಂಟು, ಇಲ್ಲವೇ ಅದನ್ನು ನೋಡಿಯೂ ನೋಡದಂತೆ ಇದ್ದುಬಿಡುವುದುಂಟು. ತೋಳ ಬಂತೆಂದು ಹುಸಿಯಾಗಿ ಕೂಗಿದ ಹುಡುಗನ ಕಥೆ ನಿಮಗೆಲ್ಲ ತಿಳಿದಿದೆ. ಅಲ್ಲಿ ತಪ್ಪು ಕೂಗಿದವನದಾದರೂ ನಷ್ಟವಾದುದು ಮಂದೆಗೆ. ಉಷ್ಣತೆಯ ಮುಳ್ಳೊಂದು ಇದೆಯಲ್ಲ, ಅದು ಸಾಲದೇ ಎಂದು ಕೇಳಬಹುದು. ಸಾಲದು. ಉಷ್ಣತೆಯ ಸಂವೇದಕವು ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ದ್ರವವೆಲ್ಲ ಸೋರಿಹೋದ ಮೇಲೆ, ಎಂಜಿನ್ ಉರಿಯುತ್ತಿದ್ದರೂ ಮುಳ್ಳು ನೆಮ್ಮದಿಯಾಗಿ ಕೆಳಗೇ ನಿಂತಿರಬಹುದು. ಅದರಲ್ಲಿಯೂ ಬೇಸಗೆಯ ಮಧ್ಯಾಹ್ನ ನಿಜಾಮುದ್ದೀನ್ ಸೇತುವೆಯ ಮೇಲೆ ವಾಹನಗಳು ಆಮೆಯಂತೆ ತೆವಳುವಾಗ ಎದುರುಗಾಳಿಯ ಸಹಾಯವಿರುವುದಿಲ್ಲ. ವಿದ್ಯುತ್ ಫ್ಯಾನೊಂದೇ ಗತಿ. ಆಗ ದ್ರವವು ಕಡಿಮೆಯಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ನಿನ ತಲೆಯು ಸೊಟ್ಟಗಾಗಬಹುದು. ನೂರಾರು ರೂಪಾಯಿಗಳ ಕೊಳವೆಯಿಂದ ಮುಗಿಯಬೇಕಾಗಿದ್ದ ಕೆಲಸಕ್ಕೆ ಹತ್ತಾರು ಸಾವಿರ ತೆರಬೇಕಾಗುವುದು.

ದಾರಿಯಲ್ಲಿ ದೀಪ ಹತ್ತಿ ಮುಳ್ಳೂ ಏರತೊಡಗಿದರೆ ಹವಾನಿಯಂತ್ರಣವನ್ನು ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆದು, ಸುರಕ್ಷಿತವಾದ ಅಂಚಿಗೆ ಬಂದು ಎಂಜಿನ್ನನ್ನು ಆರಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವು ಬಿರಿಯಬಹುದು. ಇನ್ನೊಂದು ಮಾತು: ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದ ಶೀತಕವನ್ನು ನೆಕ್ಕಿ ನಾಯಿ ಬೆಕ್ಕುಗಳು ಸಾಯುವುದುಂಟು. ಚಿಕ್ಕ ಮಕ್ಕಳಿಗೂ ಅದು ಅಪಾಯ. ಆದ್ದರಿಂದ ಚೆಲ್ಲಿದುದನ್ನು ಕೂಡಲೇ ತೊಳೆಯಬೇಕು; ಉಳಿದುದನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು.

ವಿದ್ಯಾರ್ಥಿಗಳಾದ ನಾವು ಕಾರನ್ನು ರಿಪೇರಿ ಮಾಡಲಾರೆವು. ಆದರೆ ಮುಂಜಾನೆ ತೊಟ್ಟಿಯ ಗೆರೆಯನ್ನು ನೋಡಿ ಬರೆದಿಡಲು, ನಿಂತ ಕಾರಿನ ಕೆಳಗೆ ಕಲೆಯಿದೆಯೇ ಎಂದು ಬಗ್ಗಿ ನೋಡಲು ನಮ್ಮಿಂದ ಸಾಧ್ಯ. ಎಚ್ಚರಿಕೆಯನ್ನು ಕಂಡು ಹೆದರಬೇಕಾಗಿಯೂ ಇಲ್ಲ, ಅದನ್ನು ಉಪೇಕ್ಷಿಸಲೂಬಾರದು, ಪರೀಕ್ಷಿಸಬೇಕು. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ವಿಜ್ಞಾನದ ಸಾರವೂ ಇದೇ ಅಲ್ಲವೇ?