ನಿಮಗಿದು ಗೊತ್ತೆ?: ಒಂದೇ ಬಿಲ್ಲಿನಲ್ಲಿ ಎರಡು ಸರ್ಕಾರ

ಬೆಂಗಳೂರಿನ ವಿಜಯನಗರದ ಹೋಟೆಲೊಂದರಲ್ಲಿ 100 ರೂಪಾಯಿ ತಿಂಡಿಗೆ ಶೇ 5 ಜಿಎಸ್‌ಟಿ ಹಾಕಿದರೆ ಬಿಲ್ಲನ್ನೊಮ್ಮೆ ನೋಡಿ. ಸಿಜಿಎಸ್‌ಟಿ 2.50, ಎಸ್‌ಜಿಎಸ್‌ಟಿ 2.50. ಮೊದಲನೆಯದು ಕೇಂದ್ರಕ್ಕೆ, ಎರಡನೆಯದು ರಾಜ್ಯಕ್ಕೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗಿನಿಂದ ಹೀಗೆ ಅರ್ಧರ್ಧ ಹಂಚಿಕೆ.

ತೆರಿಗೆಯಷ್ಟೇ ಅಲ್ಲ, ಅಧಿಕಾರವೂ ಕೇಂದ್ರ–ರಾಜ್ಯಗಳ ನಡುವೆ ಹಂಚಿಕೆಯಾಗಿದೆ. ಇದಕ್ಕೆ ಮುಖ್ಯ ಆಧಾರ ಸಂವಿಧಾನದ 7ನೇ ಅನುಸೂಚಿ. ಅದರಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ, ರಾಜ್ಯ ಮತ್ತು ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ.

● ಕೆಂಗೇರಿ ರೈಲು ನಿಲ್ದಾಣ ಕೇಂದ್ರದ್ದು. ಆದರೆ ಅಲ್ಲಿ ಜೇಬುಗಳ್ಳತನವಾದರೆ ದೂರು ದಾಖಲಿಸುವುದು ರಾಜ್ಯದ ರೈಲ್ವೆ ಪೊಲೀಸರು. ‘ಪೊಲೀಸ್’ ರಾಜ್ಯ ಪಟ್ಟಿಯ ವಿಷಯ. ರೈಲ್ವೆ ಪೊಲೀಸರೂ ಅದರಲ್ಲೇ ಸೇರಿದ್ದಾರೆ. ರೈಲ್ವೆ ಆಸ್ತಿ ಕಾಯುವ ಆರ್‌ಪಿಎಫ್ ಮಾತ್ರ ಕೇಂದ್ರದ ಪಡೆ.

● ರಾಜಾಜಿನಗರದ ಕೆಎ–02 ನೋಂದಣಿಯ ಸ್ಕೂಟರ್‌ಗೆ ಅನ್ವಯಿಸುವುದು ಸಂಸತ್ತಿನ 1988ರ ಮೋಟಾರು ವಾಹನ ಕಾಯ್ದೆ. ನೋಂದಣಿ ಮಾಡಿ, ರಸ್ತೆ ತೆರಿಗೆ ವಸೂಲು ಮಾಡುವುದು ರಾಜ್ಯದ ಸಾರಿಗೆ ಇಲಾಖೆ.

● ಕೆಂಗೇರಿಗೆ 2021ರಲ್ಲಿ ಬಂದ ನಮ್ಮ ಮೆಟ್ರೊ ಇಬ್ಬರದೂ. ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್‌ನಲ್ಲಿ ಕೇಂದ್ರ, ರಾಜ್ಯಗಳದು ಸಮಪಾಲು.

● ಬಸವೇಶ್ವರನಗರದ ಶಾಲೆಗಳೂ ಇಬ್ಬರ ವ್ಯಾಪ್ತಿಗೆ ಬರುತ್ತವೆ. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಈ ಪಟ್ಟಿಯ ವಿಷಯದಲ್ಲಿ ಕೇಂದ್ರ, ರಾಜ್ಯಗಳ ಕಾನೂನುಗಳ ನಡುವೆ ತಿಕ್ಕಾಟವಾದರೆ ಸಾಮಾನ್ಯವಾಗಿ ಸಂಸತ್ತಿನ ಕಾನೂನಿನದೇ ಮೇಲುಗೈ.

● ರಾಜ್ಯ ಸರ್ಕಾರವನ್ನು ಕೇಂದ್ರ ಮನಸ್ಸಿಗೆ ಬಂದಂತೆ ವಜಾ ಮಾಡುವಂತಿಲ್ಲ. ಹೀಗೆಂದು ಕಡಿವಾಣ ಹಾಕಿದ 1994ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕನ್ನಡಿಗರದೇ ಹೆಸರು: ಎಸ್‌.ಆರ್‌. ಬೊಮ್ಮಾಯಿ ಪ್ರಕರಣ. 1989ರಲ್ಲಿ ವಜಾಗೊಂಡದ್ದು ಮುಖ್ಯಮಂತ್ರಿಯಾಗಿದ್ದ ಅವರ ಸರ್ಕಾರವೇ.