ಹಡಗಿನ ಪಟ್ಟಿಗಳಲ್ಲಿ ಪೂರ್ವಿಕರ ಊರು: ವಿಶಾಖಪಟ್ಟಣ ಮತ್ತು ವಿಜಯವಾಡ ಪ್ರದೇಶದ ವಲಸೆ ದಾಖಲೆಗಳ ಶೋಧ

1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಮಾರಿಷಸ್ಸಿನ ಪೋರ್ಟ್ ಲೂಯಿ ಬಂದರಿನಲ್ಲಿ 36 ಮಂದಿ ಭಾರತೀಯ ಕೂಲಿಕಾರರನ್ನು ಇಳಿಸಿತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಬಳಿಕ ಕಬ್ಬಿನ ತೋಟಗಳಿಗೆ ಅಗ್ಗದ ದುಡಿಮೆ ಬೇಕಾಗಿತ್ತು. ಹೀಗೆ ಆರಂಭವಾದ ಕರಾರುಕೂಲಿ ಪದ್ಧತಿಯು 1917ರಲ್ಲಿ ನೇಮಕಾತಿ ನಿಲ್ಲುವವರೆಗೆ ಮುಂದುವರಿಯಿತು. ‘ಅಗ್ರಿಮೆಂಟ್’ ಎಂಬ ಪದವು ಹಳ್ಳಿಗರ ಬಾಯಲ್ಲಿ ‘ಗಿರಮಿಟ್’ ಆಯಿತು, ಹೋದವರು ಗಿರಮಿಟಿಯರಾದರು. ಈಗಿನ ಆಂಧ್ರಪ್ರದೇಶದ ಕರಾವಳಿಯಿಂದಲೂ ಇವರು ದೊಡ್ಡ ಸಂಖ್ಯೆಯಲ್ಲಿ ಹೋದರು. ಇಂದು ಅವರ ಸಂತತಿಯವರು ಡರ್ಬನ್, ಪೋರ್ಟ್ ಲೂಯಿ ಹಾಗೂ ಸುವಾ ನಗರಗಳಿಂದ ಕೇಳುತ್ತಿರುವ ಪ್ರಶ್ನೆ ಒಂದೇ: ನಮ್ಮ ಹಿರಿಯರು ಯಾವ ಊರಿನವರು?

ಈ ಪ್ರಶ್ನೆಗೆ ಕೇವಲ ಭಾವನಾತ್ಮಕ ಮಹತ್ವವಿದೆ ಎಂದು ಭಾವಿಸಬೇಕಾಗಿಲ್ಲ. ಸಾಗರೋತ್ತರ ಭಾರತೀಯ ನಾಗರಿಕತ್ವದ ಚೀಟಿಯನ್ನು ಸಾಮಾನ್ಯವಾಗಿ ಮರಿಮಕ್ಕಳ ತಲೆಮಾರಿನವರೆಗೆ ನೀಡಲಾಗುತ್ತದೆ. ಗಿರಮಿಟಿಯರ ವಂಶಸ್ಥರು ಈ ಮಿತಿಯನ್ನು ದಾಟಿ ಬಹುಕಾಲವಾಗಿರುವುದರಿಂದ, ಕೆಲವು ದೇಶಗಳ ವಿಷಯದಲ್ಲಿ ಭಾರತ ಸರ್ಕಾರವು ಇದನ್ನು ಸಡಿಲಿಸಿದೆ. 2023ರಲ್ಲಿ ಸುರಿನಾಮಿನವರಿಗೆ ಆರನೆಯ ತಲೆಮಾರಿನವರೆಗೆ, 2024ರ ಮಾರ್ಚ್‌ನಲ್ಲಿ ಮಾರಿಷಸ್ಸಿನವರಿಗೆ ಏಳನೆಯ ತಲೆಮಾರಿನವರೆಗೆ, 2025ರ ಜುಲೈನಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊದವರಿಗೆ ಆರನೆಯ ತಲೆಮಾರಿನವರೆಗೆ ಈ ಸೌಲಭ್ಯವನ್ನು ವಿಸ್ತರಿಸುವುದಾಗಿ ಘೋಷಿಸಲಾಯಿತು. ಆದರೆ ತಲೆಮಾರುಗಳನ್ನು ಬಾಯಿಮಾತಿನಿಂದ ಎಣಿಸಲಾಗದು, ದಾಖಲೆ ಬೇಕು. ಆ ದಾಖಲೆಗಳಲ್ಲಿ ಬಹಳಷ್ಟು ಈಗ ಅಂತರ್ಜಾಲದಲ್ಲಿ ದೊರೆಯುತ್ತವೆ.

ಹುಡುಕುವವರು ಸಾಮಾನ್ಯವಾಗಿ ಎಡವುವುದು ಮೊದಲ ಹೆಜ್ಜೆಯಲ್ಲಿಯೇ. ಪೂರ್ವಿಕರು ವಿಶಾಖಪಟ್ಟಣದವರೆಂದು ಕೇಳಿದವರು ವಿಶಾಖಪಟ್ಟಣದಿಂದ ಹೊರಟ ಹಡಗುಗಳನ್ನು ಹುಡುಕತೊಡಗುತ್ತಾರೆ. ಆದರೆ 1842ರ ಕಾನೂನು ಮಾರಿಷಸ್ಸಿನ ವಲಸೆಗೆ ಕಲ್ಕತ್ತ, ಮದ್ರಾಸ್ ಮತ್ತು ಮುಂಬಯಿ ಬಂದರುಗಳಿಂದ ಮಾತ್ರ ಅವಕಾಶ ನೀಡಿತ್ತು. ವಿಶಾಖಪಟ್ಟಣಕ್ಕೆ ಆಗ ಒಳಬಂದರೇ ಇರಲಿಲ್ಲ. ಹಡಗುಗಳು ಸಮುದ್ರದಲ್ಲಿ ಲಂಗರು ಹಾಕಿ, ಜನರನ್ನೂ ಸರಕನ್ನೂ ದೋಣಿಗಳಲ್ಲಿ ದಡಕ್ಕೆ ತರಲಾಗುತ್ತಿತ್ತು. ಅಲ್ಲಿನ ಬಂದರು ಹಡಗುಗಳಿಗೆ ತೆರೆದದ್ದು 1933ರಲ್ಲಿ. ವಿಜಯವಾಡವಂತೂ ಕೃಷ್ಣಾ ನದಿಯ ದಂಡೆಯ ಒಳನಾಡಿನ ಪಟ್ಟಣ. ಹೀಗಾಗಿ ಈ ಎರಡೂ ಕಡೆಯವರು ನಟಾಲಿಗೋ ಫಿಜಿಗೋ ಹೊರಟಾಗ ಹಡಗೇರಿದ್ದು ಸಾಮಾನ್ಯವಾಗಿ ಮದ್ರಾಸಿನಲ್ಲಿ. 1890ರ ದಶಕದಲ್ಲಿ ಪೂರ್ವ ಕರಾವಳಿಯ ರೈಲುಮಾರ್ಗ ಸಿದ್ಧವಾದ ಮೇಲೆ ಈ ಪ್ರಯಾಣ ಇನ್ನಷ್ಟು ಸುಲಭವಾಯಿತು.

ಆದುದರಿಂದ ಶೋಧವನ್ನು ಹೊರಟ ಊರಿನಿಂದಲ್ಲ, ತಲುಪಿದ ಬಂದರಿನಿಂದ ಆರಂಭಿಸಬೇಕು. ಇದಕ್ಕೆ ಆಡಳಿತದ ಕಾರಣವೊಂದಿದೆ. ಮದ್ರಾಸಿನ ಅಧಿಕಾರಿಗೆ ಹೋದವನ ಲೆಕ್ಕವು ಹಡಗು ಹೊರಟ ದಿನವೇ ಮುಗಿಯಿತು. ವಸಾಹತಿನ ಅಧಿಕಾರಿಗೆ ಅದು ಅಂದೇ ಆರಂಭವಾಯಿತು. ಅಲ್ಲಿ ಇಳಿದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನು ಕೊಡಲಾಗುತ್ತಿತ್ತು. ಕೂಲಿ, ಶಿಕ್ಷೆ, ಮದುವೆ, ಮಕ್ಕಳ ಜನನ, ಸಾವು, ಹಿಂದಿರುಗುವ ಪ್ರಯಾಣ ಎಲ್ಲವೂ ಆ ಸಂಖ್ಯೆಯ ಮೇಲೆಯೇ ನಡೆಯುತ್ತಿದ್ದವು. ಮನುಷ್ಯನನ್ನು ಸಂಖ್ಯೆಯಾಗಿಸಿದ ಆ ಕಠೋರ ವ್ಯವಸ್ಥೆಯೇ ಇಂದು ಅವನ ಮೊಮ್ಮಕ್ಕಳಿಗೆ ದಾರಿ ತೋರಿಸುತ್ತಿರುವುದು ವಿಚಿತ್ರವಾದರೂ ನಿಜ.

ಎಲ್ಲಿ ಏನು ದೊರೆಯುತ್ತದೆ

ಆಂಧ್ರ ಕರಾವಳಿಯವರ ಪಾಲಿಗೆ ನಟಾಲಿನ ದಾಖಲೆಗಳು ಅತ್ಯಂತ ಉಪಯುಕ್ತ. ಮದ್ರಾಸಿನಿಂದ ಹೊರಟ ‘ಟ್ರೂರೋ’ ಹಡಗು 1860ರ ನವೆಂಬರ್ 16ರಂದು ಡರ್ಬನ್ ತಲುಪಿತು. ಅಂದಿನಿಂದ 1911ರವರೆಗೆ 1,52,184 ಮಂದಿ ಅಲ್ಲಿಗೆ ಹೋದರು. ಸುಮಾರು ಮೂರನೆಯ ಎರಡು ಪಾಲು ಜನ ಹೋದದ್ದು ಮದ್ರಾಸಿನಿಂದಲೇ. ಈ ಹಡಗುಗಳ ಪಟ್ಟಿಗಳನ್ನು ಕ್ವಾಜುಲು-ನಟಾಲ್ ವಿಶ್ವವಿದ್ಯಾನಿಲಯದ ಗಾಂಧಿ-ಲುಥುಲಿ ದಾಖಲಾ ಕೇಂದ್ರವು ಅಂತರ್ಜಾಲದಲ್ಲಿ ಒದಗಿಸಿದೆ. ವಸಾಹತು ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಗ್ರಾಮ, ಮೈಮೇಲಿನ ಗುರುತು ಇವು ಆ ಪಟ್ಟಿಗಳ ಮುಖ್ಯ ಅಂಕಣಗಳು. ಎಲ್ಲ ಅಂಕಣಗಳೂ ಎಲ್ಲ ಪಟ್ಟಿಗಳಲ್ಲಿ ತುಂಬಿರುತ್ತವೆಂದು ನಿರೀಕ್ಷಿಸಬಾರದು.

ಮಾರಿಷಸ್ಸಿನ ವಲಸೆ ದಾಖಲೆಗಳು ಮೋಕಾದಲ್ಲಿರುವ ಮಹಾತ್ಮಾ ಗಾಂಧಿ ಸಂಸ್ಥೆಯ ವಶದಲ್ಲಿವೆ. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಬಂದಿಳಿದ ಆ ದ್ವೀಪದಲ್ಲಿ 1860ರ ದಶಕದಿಂದೀಚೆಗೆ ಕೂಲಿಕಾರರ ಭಾವಚಿತ್ರಗಳನ್ನೂ ತೆಗೆದಿಡಲಾಯಿತು. ವಂಶಾವಳಿಯನ್ನು ತೋರಿಸಿ ಕೇಳಿದವರಿಗೆ ಪೂರ್ವಿಕರ ಮುಖವೇ ಕಾಣುವ ಸಾಧ್ಯತೆ ಅಲ್ಲಿದೆ. ಫಿಜಿಗೆ 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಹೋದರು. ಮದ್ರಾಸಿನಿಂದ ಅಲ್ಲಿಗೆ ಹಡಗುಗಳು ಹೋದದ್ದು 1903ರಿಂದ ಮಾತ್ರ. ಆದುದರಿಂದ ಫಿಜಿಯ ತೆಲುಗು ಪೂರ್ವಿಕರನ್ನು ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ ಹುಡುಕುವುದು ಶ್ರಮವನ್ನು ವ್ಯರ್ಥ ಮಾಡಿದಂತೆ. ಸುರಿನಾಮಿಗೆ ಹೋದವರ ಹೆಸರುಗಳನ್ನು ನೆದರ್‌ಲೆಂಡ್ಸ್ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಸುಲಭವಾಗಿ ನೋಡಬಹುದು. ಆದರೆ ಆ ಹಡಗುಗಳು ಹೊರಟದ್ದು ಕಲ್ಕತ್ತದಿಂದ.

ಭಾರತದ ಕಡೆಯ ಕಡತಗಳಿಗಾಗಿ ರಾಷ್ಟ್ರೀಯ ಅಭಿಲೇಖಾಗಾರವು 2015ರಲ್ಲಿ ಆರಂಭಿಸಿದ ‘ಅಭಿಲೇಖ ಪಟಲ’ ಎಂಬ ತಾಣವನ್ನು ನೋಡಬೇಕು. ಇಲ್ಲಿ ಹಡಗಿನ ಪಟ್ಟಿಗಳಿಗಿಂತ ಸರ್ಕಾರಿ ಪತ್ರವ್ಯವಹಾರವೇ ಹೆಚ್ಚು. ವಸಾಹತುಗಳಲ್ಲಿ ಮಡಿದವರ ಉಳಿಕೆ ಹಣವನ್ನು ಊರಿನ ವಾರಸುದಾರರಿಗೆ ತಲುಪಿಸುವ ಬಗೆಗಿನ ಕಾಗದಗಳು ಇದರಲ್ಲಿ ಗಮನಾರ್ಹ. ವಲಸೆಯ ವಿಷಯವು ಕಾಲಕಾಲಕ್ಕೆ ಕಂದಾಯ ಮತ್ತು ಕೃಷಿ, ವಾಣಿಜ್ಯ ಮತ್ತು ಕೈಗಾರಿಕೆ ಮುಂತಾದ ಇಲಾಖೆಗಳಿಗೆ ವರ್ಗಾವಣೆಯಾಗಿದ್ದರಿಂದ, ಒಂದೇ ಇಲಾಖೆಯ ಹೆಸರಿಗೆ ಅಂಟಿಕೊಳ್ಳದೆ ‘ಎಮಿಗ್ರೇಷನ್’, ‘ಕೂಲಿ’ ಎಂಬ ಅಂದಿನ ಪದಗಳಿಂದಲೇ ಶೋಧಿಸಬೇಕು. ‘ಗಿರಮಿಟ್’ ಎಂದು ಹುಡುಕಿದರೆ ಆ ಕಾಲದ ಗುಮಾಸ್ತ ಉತ್ತರ ಕೊಡುವುದಿಲ್ಲ.

ಊರಿನ ಹೆಸರುಗಳ ತೊಡಕು

ದಾಖಲೆಗಳು ಇಂಗ್ಲಿಷಿನಲ್ಲಿವೆ, ಕಾಗುಣಿತ ಬರೆದವನ ಕಿವಿಗೆ ಬಿಟ್ಟದ್ದು. ವಿಶಾಖಪಟ್ಟಣವು ‘ವಿಜಗಾಪಟಂ’ ಆಗಿಯೂ ವಿಜಯವಾಡವು ‘ಬೆಜವಾಡ’ ಆಗಿಯೂ ಕೃಷ್ಣಾ ಜಿಲ್ಲೆಯು ‘ಕಿಸ್ತ್ನಾ’ ಆಗಿಯೂ ಭೀಮುನಿಪಟ್ಟಣವು ‘ಬಿಮ್ಲಿಪಟಂ’ ಆಗಿಯೂ ಕಾಣಿಸುತ್ತವೆ. ಇದಕ್ಕಿಂತ ದೊಡ್ಡ ತೊಡಕು ಗಡಿಗಳದು. ಶ್ರೀಕಾಕುಳಂ ಆಗ ‘ಚಿಕಾಕೋಲ್’; ಅದು ಗಂಜಾಂ ಜಿಲ್ಲೆಗೆ ಸೇರಿತ್ತು. ವಿಜಯನಗರಂ 1979ರವರೆಗೆ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಗುಂಟೂರು ಪ್ರತ್ಯೇಕವಾದದ್ದು 1904ರಲ್ಲಿ. ಅದಕ್ಕೂ ಹಿಂದಿನ ಸುಮಾರು ನಾಲ್ಕೂವರೆ ದಶಕಗಳ ಪಟ್ಟಿಗಳಲ್ಲಿ ಗುಂಟೂರಿನವನೂ ‘ಕಿಸ್ತ್ನಾ’ದವನೇ. 2022ರಲ್ಲಿ ವಿಜಯವಾಡವು ಎನ್.ಟಿ.ಆರ್. ಜಿಲ್ಲೆಯ ಕೇಂದ್ರವಾಯಿತು, ವಿಶಾಖಪಟ್ಟಣದಿಂದ ಅನಕಾಪಲ್ಲಿ ಬೇರೆಯಾಯಿತು. ಈ ಹೊಸ ಹೆಸರುಗಳಿಂದ ಹಳೆಯ ದಾಖಲೆ ಸಿಗುವಂತಿಲ್ಲ.

ಕನ್ನಡಿಗ ಓದುಗರಿಗೂ ಇದು ಅನ್ವಯಿಸುತ್ತದೆ. ಬಳ್ಳಾರಿ ಮತ್ತು ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಟ್ಟಿಯಲ್ಲಿ ‘ಬಳ್ಳಾರಿ’ ಎಂದು ಕಂಡೊಡನೆ ಆತ ಕನ್ನಡಿಗನೆಂದು ನಿರ್ಧರಿಸುವುದೂ ಸರಿಯಲ್ಲ. 1882ರಲ್ಲಿ ಅನಂತಪುರ ಜಿಲ್ಲೆ ರಚನೆಯಾಗುವವರೆಗೆ ಅಲ್ಲಿನ ತಾಲ್ಲೂಕುಗಳೂ ಬಳ್ಳಾರಿಯವೇ ಆಗಿದ್ದವು. 1876ರಿಂದ 78ರವರೆಗಿನ ಮಹಾಕ್ಷಾಮದ ಕಾಲದ ಪಟ್ಟಿಗಳನ್ನು ನೋಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹಳೆಯ ತಾಲ್ಲೂಕು ಮತ್ತು ಗ್ರಾಮಗಳನ್ನು ಗುರುತಿಸಲು ಕಾರ್ಮೈಕೇಲ್ 1869ರಲ್ಲಿಯೂ ಡಬ್ಲ್ಯು. ಫ್ರಾನ್ಸಿಸ್ 1907ರಲ್ಲಿಯೂ ಪ್ರಕಟಿಸಿದ ವಿಶಾಖಪಟ್ಟಣ ಜಿಲ್ಲೆಯ ಕೈಪಿಡಿ ಮತ್ತು ಗೆಝೆಟಿಯರು, ಗಾರ್ಡನ್ ಮೆಕೆಂಝಿ 1883ರಲ್ಲಿ ಹೊರತಂದ ಕೃಷ್ಣಾ ಜಿಲ್ಲೆಯ ಕೈಪಿಡಿ ಇವು ಸಹಾಯಕ.

ಒಂದು ಉದಾಹರಣೆ

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಡರ್ಬನ್ನಿನ ಒಂದು ಮನೆಯಲ್ಲಿ ಉಳಿದಿರುವ ನೆನಪು ಇಷ್ಟೇ: ಅಜ್ಜನ ತಾತನ ಹೆಸರು ಅಪ್ಪಲಸಾಮಿ. ತೆಲುಗರ ‘ಇಂಟಿಪೇರು’, ಅಂದರೆ ಮನೆತನದ ಹೆಸರು, ಗುಮಾಸ್ತನ ಅಂಕಣದಲ್ಲಿ ಜಾಗ ಪಡೆಯಲಿಲ್ಲ. ತಂದೆಯ ಹೆಸರೋ ಜಾತಿಯ ಬಿರುದೋ ಮುಂದೆ ಮನೆತನದ ಹೆಸರಾಯಿತು. ‘ನಾಯುಡು’ ಅಲ್ಲಿ ‘ನಾಯ್ಡೂ’ ಎಂದು ನೆಲೆಗೊಂಡಿತು. ಹಾಗಾದರೆ ಮನೆತನದ ಹೆಸರಿನಿಂದ ಹುಡುಕಿ ಪ್ರಯೋಜನವಿಲ್ಲ. ಆದರೆ ಅಪ್ಪಲಸಾಮಿ ಎಂಬ ಹೆಸರೇ ಒಂದು ಸುಳಿವು. ವಿಶಾಖಪಟ್ಟಣದ ಸಮೀಪದ ಸಿಂಹಾಚಲದ ವರಾಹ ನರಸಿಂಹನನ್ನು ಅಲ್ಲಿನ ಜನ ಅಪ್ಪನ್ನ ಎನ್ನುತ್ತಾರೆ. ಅಪ್ಪನ್ನ, ಅಪ್ಪಲನಾಯುಡು, ಸಿಂಹಾಚಲಂ, ಸಿಂಹಾದ್ರಿ ಇವೆಲ್ಲ ಆ ಬೆಟ್ಟದ ಸುತ್ತಲಿನ ಹೆಸರುಗಳು. ನಮ್ಮಲ್ಲಿ ಪಂಪಣ್ಣನೆಂದರೆ ತುಂಗಭದ್ರೆಯ ಕಡೆಯವನೆಂದು ಊಹಿಸುವಂತೆಯೇ ಇದು. ಊಹೆಯು ಪುರಾವೆಯಲ್ಲ, ಆದರೆ ಸಾವಿರಾರು ಹೆಸರುಗಳ ನಡುವೆ ಮೊದಲು ಎಲ್ಲಿ ನೋಡಬೇಕೆಂಬುದನ್ನು ಅದು ತಿಳಿಸುತ್ತದೆ.

ಮುಂದೆ ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆಯಬೇಕು. ನಟಾಲಿನಲ್ಲಿ ಹುಟ್ಟಿದ ಮಗನ ಜನನಪತ್ರದಲ್ಲಿಯೋ ಮದುವೆಯ ದಾಖಲೆಯಲ್ಲಿಯೋ ತಂದೆಯ ವಸಾಹತು ಸಂಖ್ಯೆ ನಮೂದಾಗಿರುವ ಸಾಧ್ಯತೆಯಿದೆ. ಆ ಸಂಖ್ಯೆ ಸಿಕ್ಕರೆ ಹಡಗು ಸಿಕ್ಕಂತೆ, ಹಡಗು ಸಿಕ್ಕರೆ ಪಟ್ಟಿಯ ಸಾಲು ಸಿಕ್ಕಂತೆ. ಹಡಗಿನ ಹೆಸರಿನ ಮುಂದೆ ರೋಮನ್ ಅಂಕೆಯಿದ್ದರೆ ಅದು ಆ ಹಡಗಿನ ಎಷ್ಟನೆಯ ಯಾನವೆಂಬುದನ್ನು ಸೂಚಿಸುತ್ತದೆ. ಒಂದೇ ಹಡಗು ಹಲವು ಬಾರಿ ಬಂದಿರುವುದರಿಂದ ಈ ಅಂಕೆಯನ್ನು ಬಿಟ್ಟು ಬರೆದುಕೊಳ್ಳಬಾರದು. ಸಂಖ್ಯೆ ದೊರೆಯದಿದ್ದರೆ ತಂದೆಯ ಹೆಸರು, ಅಂದಾಜು ವಯಸ್ಸು, ಜೊತೆಗೆ ಬಂದವರು ಈ ಮೂರನ್ನೂ ಹೊಂದಿಸಿ ನೋಡಬೇಕು. ಒಂದೇ ಹೆಸರಿನ ಹತ್ತು ಮಂದಿ ಸಿಗುವುದು ಅಪರೂಪವಲ್ಲ. ಅವರಲ್ಲಿ ಇಷ್ಟವಾದವನನ್ನು ಪೂರ್ವಿಕನೆಂದು ಆರಿಸಿಕೊಂಡ ವಂಶಾವಳಿಗಳೂ ಅಪರೂಪವಲ್ಲ.

ಗ್ರಾಮದ ಹೆಸರು ಸಿಕ್ಕ ಮೇಲೂ ಒಂದು ಎಚ್ಚರಿಕೆ ಅಗತ್ಯ. ನೋಂದಣಿಯಾದ ಸ್ಥಳ ಬೇರೆ, ಹುಟ್ಟಿದ ಊರು ಬೇರೆ. ಫಿಜಿಯ ಇತಿಹಾಸಕಾರ ಬ್ರಿಜ್ ಲಾಲ್ ಅವರು ಕಲ್ಕತ್ತದಿಂದ ಹೋದ 45,439 ಮಂದಿಯ ವಲಸೆ ರಹದಾರಿಗಳನ್ನು ಪರಿಶೀಲಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣನೀಯ ಸಂಖ್ಯೆಯವರು ತಮ್ಮ ಜಿಲ್ಲೆಯ ಹೊರಗೆ ನೋಂದಣಿಯಾಗಿದ್ದುದನ್ನು ತೋರಿಸಿದ್ದಾರೆ. ಕೆಲಸ ಹುಡುಕಿ ಮೊದಲೇ ಊರು ಬಿಟ್ಟವರು ಅವರು. ಬೆಜವಾಡದಂತಹ ರೈಲು ಜಂಕ್ಷನ್ನಿನ ಹೆಸರು ಕಂಡಾಗಲೂ ಅದು ಯಾವ ಅಂಕಣದಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ರಂಗೂನಿಗೆ ಹೋದವರು

ವಿಶಾಖಪಟ್ಟಣದ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಡರ್ಬನ್ ಅಲ್ಲ, ರಂಗೂನ್. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಉಗಿಹಡಗುಗಳು ಕಾಕಿನಾಡ, ವಿಶಾಖಪಟ್ಟಣ, ಭೀಮುನಿಪಟ್ಟಣ ಮತ್ತು ಗೋಪಾಲಪುರಗಳಿಂದ ಜನರನ್ನು ನೇರವಾಗಿ ಬರ್ಮಾಕ್ಕೆ ಒಯ್ಯುತ್ತಿದ್ದವು. ಅಲ್ಲಿನ ಅಕ್ಕಿ ಗಿರಣಿಗಳಲ್ಲಿಯೂ ಹಡಗುಕಟ್ಟೆಯಲ್ಲಿಯೂ ದುಡಿದ ತೆಲುಗರನ್ನು, ಕಾಕಿನಾಡದ ಬಳಿಯ ಹಳೆಯ ಬಂದರು ಕೋರಂಗಿಯ ಹೆಸರಿನಿಂದ ‘ಕೋರಂಗಿ’ಗಳೆಂದು ಕರೆಯಲಾಗುತ್ತಿತ್ತು. 1930ರ ಮೇ ತಿಂಗಳಲ್ಲಿ ರಂಗೂನಿನ ಹಡಗುಕಟ್ಟೆಯ ಕೆಲಸದ ವಿಷಯದಲ್ಲಿ ಹುಟ್ಟಿದ ಗಲಭೆಗೆ ಬಲಿಯಾದವರು ಇವರೇ.

ಇಷ್ಟು ದೊಡ್ಡ ವಲಸೆಗೆ ಹೆಸರುವಾರು ಪಟ್ಟಿಗಳು ಏಕಿಲ್ಲ ಎಂದು ಅನೇಕರು ಆಶ್ಚರ್ಯಪಡುತ್ತಾರೆ. 1937ರ ಏಪ್ರಿಲ್ 1ರವರೆಗೆ ಬರ್ಮಾವು ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯವಾಗಿತ್ತು. ವಿಶಾಖಪಟ್ಟಣದಿಂದ ರಂಗೂನಿಗೆ ಹೋಗುವುದು, ಕಾನೂನಿನ ದೃಷ್ಟಿಯಲ್ಲಿ, ಬೆಜವಾಡದಿಂದ ಮದ್ರಾಸಿಗೆ ಹೋದಂತೆಯೇ. ಕರಾರು ಇರಲಿಲ್ಲ, ರಹದಾರಿ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಡೆಕ್ಕಿನ ಮೇಲೆ ಕುಳಿತು ಹೋದ ಪ್ರಯಾಣಿಕ ಕಂಪನಿಗೆ ಒಂದು ತಲೆಯ ಲೆಕ್ಕ ಮಾತ್ರ. ಜನಗಣತಿಯ ವರದಿಗಳು ಹಾಗೂ ಭಾರತೀಯರ ವಲಸೆಯ ಬಗ್ಗೆ ಜೇಮ್ಸ್ ಬ್ಯಾಕ್ಸ್‌ಟರ್ ಸಲ್ಲಿಸಿದ ವರದಿ ಎಷ್ಟು ಜನ, ಯಾವ ಕಡೆಯಿಂದ ಹೋದರೆಂಬುದನ್ನು ತಿಳಿಸುತ್ತವೆ. ಯಾರು ಹೋದರೆಂಬುದನ್ನು ತಿಳಿಸುವುದಿಲ್ಲ. ಬರ್ಮಾ ಪೂರ್ವಿಕರನ್ನು ಹುಡುಕುವವರು ಹಡಗಿನ ಪಟ್ಟಿಯ ಆಸೆಯನ್ನು ಬಿಟ್ಟು, ಅಲ್ಲಿಂದ ಬಂದ ಮನಿಯಾರ್ಡರ್ ಚೀಟಿ, ಶಾಲೆಯ ಪ್ರಮಾಣಪತ್ರ, ಜಮೀನಿನ ಕಾಗದ ಇವನ್ನು ಕಾಪಾಡಿಕೊಳ್ಳುವುದು ಹೆಚ್ಚು ಫಲಕಾರಿ. 1960ರ ದಶಕದಲ್ಲಿ ಬರ್ಮಾದಿಂದ ಮರಳಿ ಆಂಧ್ರದ ಕರಾವಳಿಯಲ್ಲಿ ನೆಲೆಸಿದ ಕುಟುಂಬಗಳಲ್ಲಿ ಇಂತಹ ಕಾಗದಗಳು ಇನ್ನೂ ಇವೆ, ಅವನ್ನು ಓದಿ ಹೇಳಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ.

ಅಂತರ್ಜಾಲದಿಂದ ಮುದ್ರಿಸಿಕೊಂಡ ಪ್ರತಿಯು ಕಚೇರಿಗಳಲ್ಲಿ ಪ್ರಮಾಣಪತ್ರವೆನಿಸುವುದಿಲ್ಲ. ಸಾಲು ಸಿಕ್ಕ ಬಳಿಕ ಮೂಲ ದಾಖಲೆಯನ್ನು ಹೊಂದಿರುವ ಪತ್ರಾಗಾರಕ್ಕೆ ಸಂಖ್ಯೆ, ಹಡಗು ಮತ್ತು ವರ್ಷವನ್ನು ಸ್ಪಷ್ಟವಾಗಿ ನಮೂದಿಸಿ ಬರೆದು ದೃಢೀಕೃತ ಪ್ರತಿಯನ್ನು ಪಡೆಯಬೇಕು. ಯಾವ ದಾಖಲೆ ಸಾಕಾಗುತ್ತದೆ ಎಂಬುದನ್ನು ಆಯಾ ದೇಶದ ಭಾರತೀಯ ದೂತಾವಾಸದಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಮದ್ರಾಸ್ ಪ್ರಾಂತ್ಯದ ಮೂಲ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಅಲ್ಲಿಗೆ ಹೋಗುವವರು ತಾಲ್ಲೂಕಿನ ಹಳೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು.